ಕಲ್ಲಿಗೂ ಬೇರುಂಟು

ಕಲ್ಲು ಬೆಳೆಯುತ್ತದೆ ಎಂದರೆ ಪಟ್ಟಣದ ವಿದ್ಯಾವಂತರು ನಗುತ್ತಾರೆ. ಜೀವವಿಲ್ಲದ್ದು ಬೆಳೆಯುವುದೆಂತು ಎಂಬುದು ಅವರ ಪ್ರಶ್ನೆ. ಕರುಣೆಯಿಲ್ಲದವನ ಎದೆಯನ್ನು ಕಲ್ಲೆದೆ ಎನ್ನುತ್ತಾರೆ. ಕದಲದೆ ಕುಳಿತವನನ್ನು ಕಲ್ಲು ಕುಳಿತಂತೆ ಕುಳಿತನೆನ್ನುತ್ತಾರೆ. ಬದಲಾಗದುದಕ್ಕೆ, ಬೆಳೆಯದುದಕ್ಕೆ, ಮಿಡಿಯದುದಕ್ಕೆ ಕಲ್ಲಿನ ಹೆಸರು ಮೀಸಲಾಗಿ ಹೋಗಿದೆ. ಆದರೆ ಹಳ್ಳಿಯ ಹಿರಿಯಳೊಬ್ಬಳು, ಗವಿಯೊಳಗಿನ ಲಿಂಗ ವರುಷಕ್ಕೊಂದು ಜೋಳದ ಕಾಳಿನಷ್ಟು ಎತ್ತರವಾಗುತ್ತದೆಯೆಂದು ಮೊಮ್ಮಕ್ಕಳಿಗೆ ಹೇಳುವಾಗ ಆಕೆಯ ಮಾತಿನಲ್ಲಿ ತಪ್ಪಿರುವುದು ಲೆಕ್ಕದಲ್ಲಿ ಮಾತ್ರ; ತತ್ತ್ವದಲ್ಲಿ ಅಲ್ಲ. ಸುಣ್ಣಕಲ್ಲಿನ ಗವಿಗಳಲ್ಲಿ ಕಲ್ಲು ನಿಜವಾಗಿಯೂ ಬೆಳೆಯುತ್ತದೆ. ಜೋಳದ ಕಾಳಿನಷ್ಟು ಬೆಳೆಯಲು ಅದಕ್ಕೆ ಒಂದು ವರುಷ ಸಾಲದು, ಮೂವತ್ತು ನಾಲ್ವತ್ತು ವರುಷಗಳಾದರೂ ಬೇಕು, ಅಷ್ಟೆ.

ಬೆಳೆಯುವ ಪ್ರತಿಯೊಂದಕ್ಕೂ ಅನ್ನ ಬೇಕು, ನೀರು ಬೇಕು, ಹದವಾದ ಹವೆ ಬೇಕು. ಹಾಗಾದರೆ ಕಲ್ಲಿಗೆ ಅನ್ನವಿಕ್ಕುವವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೊರಟವರು ಗವಿಯೊಳಕ್ಕೆ ಎಷ್ಟು ಆಳಕ್ಕಿಳಿದರೂ ಅದು ದೊರೆಯಲಾರದು. ಉತ್ತರವಿರುವುದು ಗವಿಯ ಮೇಲೆ: ಬಿಸಿಲಿನಲ್ಲಿ, ಮಳೆಯಲ್ಲಿ, ಮರದ ಬುಡದ ಮಣ್ಣಿನಲ್ಲಿ.

ಧಾರವಾಡದಿಂದ ಸುಮಾರು ಹತ್ತು ಮೈಲಿ ದೂರದಲ್ಲಿ ಗರಗವೆಂಬ ಊರಿದೆ. ಮಡಿವಾಳೇಶ್ವರನ ಮಠದಿಂದ ಹೆಸರಾದದ್ದು. ರಾಷ್ಟ್ರಧ್ವಜದ ಖಾದಿಯನ್ನು ನೂತು ನೆಯ್ದು ಕೊಟ್ಟು ದೇಶಕ್ಕೆಲ್ಲ ಪರಿಚಿತವಾದದ್ದು. ಊರಿನ ಸುತ್ತ ಎರೆಹೊಲಗಳು, ನಡುನಡುವೆ ಮಸಾರಿ. ಹತ್ತಿ, ಜೋಳ, ಕಡಲೆಗಳನ್ನು ಕಂಡ ಭೂಮಿ. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬೆಳವಲ. ಎರಡರ ನಡುವಿನ ಹೊಸ್ತಿಲಿನಂತಿರುವ ಸೀಮೆ ಅದು. ಧಾರವಾಡದ ಈ ಭಾಗಕ್ಕೆ ವರುಷಕ್ಕೆ ಸುಮಾರು 30 ಇಂಚು ಮಳೆ.

ಮಾಘಮಾಸ ಬಂದಿತೆಂದರೆ ಧಾರವಾಡ, ಬೆಳಗಾವಿ ಸೀಮೆಗಳ ಅನೇಕ ಹಳ್ಳಿಗಳಲ್ಲಿ ಚಕ್ಕಡಿಗಳಿಗೆ ಹೊಸ ಕಳೆ ಬರುತ್ತದೆ. ಎತ್ತುಗಳ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಗಾಡಿಯ ಮೇಲೆ ಸವಾರಿಯ ಮರೆ. ಒಳಗೆ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಮಕ್ಕಳು, ಮುದುಕರು. ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಉಳವಿಯ ಜಾತ್ರೆಗೆ ಅವರು ಹೊರಡುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ತರುವಾಯ ಶರಣರ ಗುಂಪಿನೊಡನೆ ಬಂದ ಚೆನ್ನಬಸವಣ್ಣನವರು ನೆಲೆಸಿ ಲಿಂಗೈಕ್ಯರಾದ ಕ್ಷೇತ್ರವದು. ಮೋಟಾರಿನಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುವ ದಾರಿಯನ್ನು ದಿನಗಟ್ಟಲೆ ಎತ್ತಿನ ಹೆಜ್ಜೆಯಲ್ಲಿ ಸವೆಸುವ ಭಕ್ತರು ಇಂದಿಗೂ ಇದ್ದಾರೆ.

ಈ ನಿಧಾನದ ಪಯಣದಲ್ಲಿ ಒಂದು ಲಾಭವುಂಟು. ನೆಲ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಗಾಲಿಗೆ ಮೆತ್ತಿದ ಕಪ್ಪು ಮಣ್ಣು ಹಳಿಯಾಳದ ಕಡೆಗೆ ಸಾಗುತ್ತ ಕೆಂಪಾಗುತ್ತದೆ. ಜಾಲಿಯ ಗಿಡಗಳು ಹಿಂದುಳಿದು, ತೇಗ, ಮತ್ತಿ, ನಂದಿಗಳು ಎದುರುಗೊಳ್ಳುತ್ತವೆ. ದಾಂಡೇಲಿಯನ್ನು ದಾಟಿದ ಮೇಲೆ ಬಿದಿರು ದಾರಿಯ ಮೇಲೆ ಬಾಗುತ್ತದೆ. ಮಧ್ಯಾಹ್ನದಲ್ಲಿಯೂ ಸಂಜೆಯ ತಂಪು. ಮಳೆಗಾಲದಲ್ಲಿ ಗರಗದ ಮೇಲೆ ಬೀಳುವುದರ ಮೂರು ನಾಲ್ಕು ಪಟ್ಟು ಮಳೆ ಈ ಗಟ್ಟದ ಕಾಡಿನ ಮೇಲೆ ಸುರಿಯುತ್ತದೆ. ಒಂದೇ ಯಾತ್ರೆಯಲ್ಲಿ ಭಕ್ತನು ಎರಡು ಹವೆಗಳನ್ನು, ಎರಡು ಮಣ್ಣುಗಳನ್ನು, ಎರಡು ಬಗೆಯ ಹಸುರನ್ನು ದಾಟಿ ಹೋಗಿರುತ್ತಾನೆ. ಗವಿಯೊಳಗಿನ ಕಲ್ಲಿನ ಕಥೆಗೆ ಬೇಕಾದ ಮುನ್ನುಡಿಯೆಲ್ಲ ಈ ದಾರಿಯಲ್ಲಿಯೇ ಇದೆ.

ಉಳವಿಯ ಸುತ್ತಿನ ಕಾಡಿನಲ್ಲಿ ಗವಿಗಳು ಹಲವು. ಮಹಾಮನೆಯ ಗವಿ, ಅಕ್ಕನಾಗಮ್ಮನ ಗವಿ, ಆಕಳ ಗವಿ ಎಂದು ಭಕ್ತರು ಹೆಸರು ಹೇಳಿ ದರ್ಶನ ಮಾಡಿ ಬರುತ್ತಾರೆ. ದಾಂಡೇಲಿಯ ಕಾಡಿನೊಳಗೆ ಕವಳಾ ಗವಿಯಿದೆ. ಅಲ್ಲಿಯ ಲಿಂಗವನ್ನು ಯಾವ ಶಿಲ್ಪಿಯೂ ಕಡೆದುದಲ್ಲ; ಮೇಲಿನಿಂದ ತೊಟ್ಟಿಕ್ಕುವ ಹನಿಗಳೇ ಅದನ್ನು ಕಟ್ಟಿವೆ. ಅದರ ಮೇಲೆ ತೂಗುವ ಕಲ್ಲು ಆಕಳ ಕೆಚ್ಚಲನ್ನು ಹೋಲುತ್ತದೆಯೆಂದು ಭಕ್ತರು ಹೇಳುತ್ತಾರೆ. ಗವಿಯ ಮಾಡಿನಿಂದ ಕೆಳಗಿಳಿಯುವ ಇಂಥ ಜೋಲುಗಲ್ಲನ್ನು ಶಾಸ್ತ್ರಜ್ಞರು ಸ್ಟಾಲಕ್ಟೈಟ್ ಎಂದೂ, ನೆಲದಿಂದ ಮೇಲೇಳುವ ಮೂಡುಗಲ್ಲನ್ನು ಸ್ಟಾಲಗ್ಮೈಟ್ ಎಂದೂ ಕರೆಯುತ್ತಾರೆ. ಕೆಚ್ಚಲು ಎಂದವರ ಹೋಲಿಕೆಯಲ್ಲಿ ಒಂದು ಸೊಗಸಿದೆ. ಕೆಚ್ಚಲಿನಲ್ಲಿ ಹಾಲಿರಬೇಕಾದರೆ ಆಕಳು ಎಲ್ಲಿಯೋ ಹುಲ್ಲು ಮೇದಿರಬೇಕಷ್ಟೆ!

ಜಾತ್ರೆಗೆ ಬಂದ ಸಂಸಾರಗಳಲ್ಲಿ ಇಂಥ ಗವಿಯ ಬಾಯಲ್ಲಿ ನಡೆಯಬಹುದಾದ ಸಂವಾದವೊಂದನ್ನು ಊಹಿಸುವುದು ಕಷ್ಟವಲ್ಲ. ಶಾಲೆಗೆ ಹೋಗುವ ಮೊಮ್ಮಗ ಸುಮ್ಮನಿರುವವನಲ್ಲ.

"ಅಜ್ಜಾ, ಲಿಂಗ ಬೆಳೀತೈತಿ ಅಂತಿ. ಬೆಳಿಯೂದಕ್ಕ ಬೇರು ಬೇಕಲ್ಲ? ಇದರ ಬೇರು ಎಲ್ಲೈತಿ?"

"ಕೆಳಗ ಹುಡುಕಬ್ಯಾಡೋ ತಮ್ಮಾ. ಹೊರಗ ಹೋಗಿ ತಲಿ ಎತ್ತಿ ನೋಡು. ಮ್ಯಾಲ ನಿಂತೈತಲ್ಲ ಅಡವಿ, ಅದ ಇದರ ಬೇರು."

ಅಜ್ಜ ರಸಾಯನಶಾಸ್ತ್ರವನ್ನು ಓದಿದವನಲ್ಲ. ಮರ ಕಡಿದ ಗುಡ್ಡದ ಕೆಳಗಿನ ಬಾವಿ ಬತ್ತುವುದನ್ನು ಕಂಡವನು. ಆದರೂ ಆತನ ಮಾತನ್ನು ರಸಾಯನಶಾಸ್ತ್ರ ಅಕ್ಷರಶಃ ಒಪ್ಪುತ್ತದೆ.

ಅದು ಹೇಗೆಂಬುದನ್ನು ತಿಳಿಯಲು ಮನೆಯ ಅಡಿಗೆಮನೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಬಾವಿಯ ಗಡಸು ನೀರನ್ನು ದಿನವೂ ಕಾಯಿಸುವ ಹಂಡೆಯ ಒಳಮೈಯಲ್ಲಿ ಬಿಳಿಯ ಪೊರೆಯೊಂದು ಕಟ್ಟುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ನಾಲ್ಕು ದಿನಕ್ಕೆ ಮತ್ತೆ ಹಾಜರು. ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು; ಬಿಳಿಯ ಪೊರೆ ಬಂದುದೆಲ್ಲಿಂದ? ನೀರಿನಲ್ಲಿ ಕರಗಿ ಅಡಗಿದ್ದ ಸುಣ್ಣ ಕಾಯಿಸಿದಾಗ ಹೊರಬಿದ್ದಿತು. ಹಂಡೆಯಲ್ಲಿ ಬೆಂಕಿ ಅವಸರದಿಂದ ಮಾಡುವ ಕೆಲಸವನ್ನು ಗವಿ ತಣ್ಣಗೆ, ಬೆಂಕಿಯಿಲ್ಲದೆ, ಸಾವಿರಾರು ವರುಷ ಮಾಡುತ್ತದೆ.

ಶಾಲೆಯ ಹುಡುಗರು ಮಾಡುವ ಪ್ರಯೋಗವೊಂದನ್ನೂ ನೆನೆಯಬಹುದು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರೂದಿದರೆ ನೀರು ಹಾಲಿನಂತಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಅನಿಲವನ್ನು ಇನ್ನೂ ಬಹಳ ಹೊತ್ತು ಹಾಯಿಸುತ್ತ ಹೋದರೆ, ಹಾಲಿನಂತಿದ್ದುದು ಮತ್ತೆ ತಿಳಿಯಾಗುತ್ತದೆ. ಆ ತಿಳಿನೀರನ್ನು ಕಾಯಿಸಿದರೆ ಎರಡನೆಯ ಸಲ ಹಾಲಾಗುತ್ತದೆ. ಮೊದಲನೆಯ ಬಾರಿ ಉಸಿರಿನಲ್ಲಿರುವ ಇಂಗಾಲಾಮ್ಲ ಅನಿಲ, ಅಂದರೆ ಇಂಗಾಲದ ಡೈಆಕ್ಸೈಡ್, ಸುಣ್ಣದೊಡನೆ ಕೂಡಿ ಕರಗದ ಪುಡಿಯಾಯಿತು. ಸುಣ್ಣಕಲ್ಲೆಂದರೆ ಇದೇ ವಸ್ತು. ಅನಿಲ ಇನ್ನೂ ಹೆಚ್ಚಾದಾಗ ಆ ಪುಡಿ ನೀರಿನಲ್ಲಿ ಕರಗಿತು. ಅನಿಲವನ್ನು ಓಡಿಸಿದಾಗ ಮತ್ತೆ ಪುಡಿಯಾಯಿತು. ಬಂಡೆ ಕರಗಿ ಗವಿಯಾಗುವುದು, ಗವಿಯೊಳಗೆ ಬಂಡೆ ಮರುಹುಟ್ಟು ಪಡೆಯುವುದು, ಇವೆರಡೂ ಒಂದು ಬೆರಳುದ್ದದ ಗಾಜಿನ ನಳಿಗೆಯಲ್ಲಿ ನಡೆದು ಹೋದವು!

ಇನ್ನು ಉಳಿದ ಪ್ರಶ್ನೆ, ಕಾಡಿನಲ್ಲಿ ಆ ಅನಿಲವನ್ನು ನೀರಿಗೆ ಊದುವವರು ಯಾರು ಎಂಬುದು.

ಮಳೆಯ ಹನಿ ಆಕಾಶದಿಂದ ಇಳಿಯುವಾಗ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಆದರೆ ಗಾಳಿಯಲ್ಲಿ ಅದಿರುವುದು ಹತ್ತು ಸಾವಿರಕ್ಕೆ ನಾಲ್ಕು ಪಾಲು ಮಾತ್ರ. ಅಷ್ಟರಿಂದ ಹನಿಗೆ ಬರುವ ಹುಳಿ ಬಲು ಸಣ್ಣದು. ಬಂಡೆಯನ್ನು ಕರಗಿಸುವ ಶಕ್ತಿ ಕಡಿಮೆ. ಹನಿ ಮಣ್ಣನ್ನು ಹೊಕ್ಕಾಗ ಅದರ ಭಾಗ್ಯ ತೆರೆಯುತ್ತದೆ. ಮಣ್ಣು ಉಸಿರಾಡುವ ಪದಾರ್ಥ. ಮರದ ಬೇರುಗಳು ಉಸಿರಾಡುತ್ತವೆ, ಎರೆಹುಳುಗಳು ಉಸಿರಾಡುತ್ತವೆ, ಉದುರಿದ ಎಲೆಯನ್ನು ಕೊಳೆಯಿಸಿ ಗೊಬ್ಬರ ಮಾಡುವ ಕಣ್ಣಿಗೆ ಕಾಣದ ಕೋಟ್ಯನುಕೋಟಿ ಜೀವಾಣುಗಳೂ ಶಿಲೀಂಧ್ರಗಳೂ ಉಸಿರಾಡುತ್ತವೆ. ಅವು ಬಿಟ್ಟ ಉಸಿರು ಮಣ್ಣಿನ ಸಂದುಗಳಲ್ಲಿ ತುಂಬಿ ನಿಲ್ಲುತ್ತದೆ. ಕಾಡಿನ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲಾಮ್ಲ ಹೊರಗಿನದಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಇರುವುದುಂಟು. ಈ ಉಗ್ರಾಣವನ್ನು ಹಾಯ್ದು ಬಂದ ನೀರು ಗೋಲಿಸೋಡದ ದೂರದ ನೆಂಟನಾಗುತ್ತದೆ. ಅದೇ ಬಂಡೆಯನ್ನು ಕರಗಿಸಬಲ್ಲ ಹುಳಿನೀರು.

ಹೀಗೆ ಹುಳಿಯಾದ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತ ಸುಣ್ಣವನ್ನು ಕರಗಿಸಿ ಹೊತ್ತುಕೊಳ್ಳುತ್ತದೆ. ಕೊನೆಗೊಂದು ದಿನ ಗವಿಯ ಮಾಡಿನಲ್ಲಿ ಹನಿಯಾಗಿ ತಲೆದೋರುತ್ತದೆ. ಗವಿಯ ಗಾಳಿಯಲ್ಲಿ ಇಂಗಾಲಾಮ್ಲ ಮಣ್ಣಿನಲ್ಲಿದ್ದಷ್ಟು ದಟ್ಟವಾಗಿರುವುದಿಲ್ಲ. ಮುಚ್ಚಳ ತೆಗೆದ ಸೋಡದಂತೆ ಹನಿ ತನ್ನ ಅನಿಲವನ್ನು ಬಿಟ್ಟುಕೊಡುತ್ತದೆ. ಹೊತ್ತು ತಂದ ಸುಣ್ಣವನ್ನು ಇನ್ನು ಹಿಡಿದಿಡಲಾರದೆ ಕೆಳಗಿಡುತ್ತದೆ. ತೂಗಾಡುವಾಗ ಇಟ್ಟದ್ದು ಜೋಲುಗಲ್ಲಾಯಿತು. ಬಿದ್ದ ಮೇಲೆ ಇಟ್ಟದ್ದು ಮೂಡುಗಲ್ಲಾಯಿತು. ಒಂದು ಹನಿ ಇಡುವ ಸುಣ್ಣ ಕಣ್ಣಿಗೆ ಕಾಣದು. ವರುಷವಿಡೀ ಬಿದ್ದ ಹನಿಗಳೆಲ್ಲ ಕೂಡಿ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟನ್ನು ಕಟ್ಟುತ್ತವೆ. ಬೆಚ್ಚಗಿನ ಮಳೆನಾಡುಗಳಲ್ಲಿ ಇದಕ್ಕಿಂತ ಹೆಚ್ಚು ಇರಬಹುದು, ಒಣನಾಡುಗಳಲ್ಲಿ ಕಡಿಮೆ.

ಗರಗಕ್ಕೆ ನೆರೆಯ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ್ದು 1824ರಲ್ಲಿ. ಅಂದಿನಿಂದ ಇಂದಿನವರೆಗೆ, ಈ ಲೆಕ್ಕದಲ್ಲಿ, ಕಲ್ಲು ಬೆಳೆದಿರುವುದು ಇಪ್ಪತ್ತು ಮಿಲಿಮೀಟರು. ಅಂದರೆ ಒಂದು ಇಂಚಿಗೂ ಕಡಿಮೆ. ಕುತೂಹಲಕ್ಕಾಗಿ ಒಂದು ಇಂಚಿನ ಚೂರನ್ನು ಮುರಿದು ಜೇಬಿಗೆ ಸೇರಿಸುವ ಯಾತ್ರಿಕನು ರಾಣಿಯ ಕಾಲದಿಂದ ಈಚಿನ ಸಮಸ್ತ ಮಳೆಗಾಲಗಳನ್ನೂ ಒಮ್ಮೆಗೇ ಕದ್ದಂತಾಯಿತು.

ಇಲ್ಲಿ ಒಂದು ಸಂದೇಹ ಏಳಬಹುದು. ಮಣ್ಣೂ ಮಳೆಯೂ ಸುಣ್ಣವೂ ಗರಗದ ಹೊಲದಲ್ಲಿಯೂ ಇವೆಯಲ್ಲ. ಅಲ್ಲೇಕೆ ಈ ಸೋಜಿಗವಿಲ್ಲ? ನಿಜವಾಗಿ ಅಲ್ಲಿಯೂ ಇದೆ, ಬೇರೆ ರೂಪದಲ್ಲಿ. ಎರೆಹೊಲವನ್ನು ಆಳವಾಗಿ ಅಗೆದಾಗ ಕಪ್ಪು ಮಣ್ಣಿನ ನಡುವೆ ಬಿಳಿಯ ಸುಣ್ಣದ ಹರಳುಗಳು ಸಿಕ್ಕುವುದನ್ನು ಒಕ್ಕಲಿಗರು ಬಲ್ಲರು. ಹಿಂದಿನ ಕಾಲದಲ್ಲಿ ಇಂಥ ಹರಳುಗಳನ್ನು ಆಯ್ದು ಭಟ್ಟಿಯಲ್ಲಿ ಸುಟ್ಟು ಮನೆಕಟ್ಟುವ ಸುಣ್ಣವನ್ನು ಮಾಡುತ್ತಿದ್ದುದೂ ಉಂಟು. ಅವೂ ಮಣ್ಣಿನ ಉಸಿರಿನಿಂದ ಕರಗಿ, ಮತ್ತೆ ಗಟ್ಟಿಯಾದ ಸುಣ್ಣವೇ. ಆದರೆ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಎರೆಮಣ್ಣು ನೀರನ್ನು ಬಿಗಿಹಿಡಿಯುವ ಜಾತಿ. ಕರಗಿದ ಸುಣ್ಣ ಕೆಲವು ಅಡಿ ಇಳಿಯುವಷ್ಟರಲ್ಲಿ ನೀರು ಆರಿಹೋಗುತ್ತದೆ. ಸುಣ್ಣ ಅಲ್ಲಿಯೇ ಹರಳುಗಟ್ಟುತ್ತದೆ. ಗಟ್ಟದ ಕಾಡಿನಲ್ಲಿ ನೀರು ಹೇರಳ; ಸುಣ್ಣವನ್ನು ಹೊತ್ತು ಆಳಕ್ಕೆ ಒಯ್ಯುತ್ತದೆ, ಹಳ್ಳಹೊಳೆಗಳಿಗೂ ಸೇರಿಸುತ್ತದೆ. ಗರಗದಲ್ಲಿ ಸುಣ್ಣ ಮನೆಬಿಟ್ಟು ಹೋಗದ ಮಗ. ಉಳವಿಯಲ್ಲಿ ಅದು ದೇಶಾಂತರ ಹೊರಟ ಮಗ. ಸ್ವಭಾವ ಒಂದೇ, ಹವೆ ಬೇರೆ.

ಬಂಡೆಯ ವಂಶವೂ ಕುತೂಹಲದ್ದೇ. ಉತ್ತರ ಕನ್ನಡದ ಈ ಸುಣ್ಣಕಲ್ಲು ಬಲು ಪುರಾತನ. ಭೂವಿಜ್ಞಾನಿಗಳು ಅದನ್ನು ಧಾರವಾಡ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಭಾರತದ ಬೆಟ್ಟಗುಡ್ಡಗಳನ್ನು ಸುತ್ತಿ ಪರೀಕ್ಷಿಸಿದ ರಾಬರ್ಟ್ ಬ್ರೂಸ್ ಫೂಟರು ಈ ಊರಿನ ಹೆಸರನ್ನು ಆ ಕಲ್ಲುಗಳಿಗೆ ಕೊಟ್ಟರು. ಇಂದು ಲೋಕದ ಭೂವಿಜ್ಞಾನಿಗಳೆಲ್ಲರೂ ಧಾರವಾಡದ ಹೆಸರನ್ನು ಬಲ್ಲರು, ಪೇಡೆಯ ರುಚಿಯನ್ನು ಅರಿಯದವರು ಕೂಡ! 250 ಕೋಟಿ ವರುಷಗಳಿಗೂ ಹಿಂದೆ ಯಾವುದೋ ಕಡಲಿನ ತಳದಲ್ಲಿ ನೆಲೆಗೊಂಡ ಸುಣ್ಣವದು. ಕುಮಟಾ ತಾಲ್ಲೂಕಿನ ಯಾಣದಲ್ಲಿ ಸುಮಾರು 120 ಮೀಟರು ಎತ್ತರಕ್ಕೆ ನಿಂತ ಭೈರವೇಶ್ವರ ಶಿಖರವೂ, 90 ಮೀಟರಿನ ಮೋಹಿನೀ ಶಿಖರವೂ ಸುಣ್ಣಕಲ್ಲೇ. ಅಲ್ಲಿ ಮಳೆ ಹೊರಗಿನಿಂದ ಕೆತ್ತಿದೆ. ಕವಳಾದಲ್ಲಿ ಒಳಗಿನಿಂದ ಕಟ್ಟಿದೆ. ಒಂದೇ ನೀರು ಒಂದು ಕಡೆ ಉಳಿ, ಮತ್ತೊಂದು ಕಡೆ ಗಾರೆ.

ಇದರಲ್ಲಿ ಮರಗಳ ಪಾತ್ರ ಉಸಿರಿಗೆ ಮುಗಿಯುವುದಿಲ್ಲ. ಬೋಳುಗುಡ್ಡದ ಮೇಲೆ ಬಿದ್ದ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಇಳಿಜಾರಿನಲ್ಲಿ ಓಡಿಬಿಡುತ್ತದೆ. ಕಾಡಿನ ಮೇಲೆ ಬಿದ್ದ ಮಳೆ ಮೊದಲು ಎಲೆಯ ಮೇಲೆ, ಅನಂತರ ತರಗಿನ ಹಾಸಿನ ಮೇಲೆ, ಆಮೇಲೆ ಬೇರಿನ ಜಾಡಿನಲ್ಲಿ ಮೆಲ್ಲಗೆ ಇಳಿಯುತ್ತದೆ. ಹೀಗೆ ಸಾವಕಾಶವಾಗಿ ಇಳಿದ ನೀರಿಗೆ ಮಣ್ಣಿನ ಉಸಿರನ್ನು ಹೀರಲು ಸಮಯವುಂಟು, ಬಂಡೆಯನ್ನು ಕರಗಿಸಲು ಸಮಯವುಂಟು. ಬೇರುಗಳು ಬಂಡೆಯ ಬಿರುಕನ್ನು ಅಗಲಿಸಿ ದಾರಿಯನ್ನೂ ಮಾಡಿಕೊಡುತ್ತವೆ. ಮಳೆ ನಿಂತು ತಿಂಗಳುಗಳಾದ ಮೇಲೆ ಕೂಡ ಕೆಲವು ಗವಿಗಳಲ್ಲಿ ಹನಿ ತೊಟ್ಟಿಕ್ಕುತ್ತಿರುವುದು ಈ ಸಾವಧಾನದ ಫಲ.

ಹವೆಯ ಆಟವಂತೂ ಇನ್ನೂ ಸೂಕ್ಷ್ಮವಾದದ್ದು. ಮಳೆ ಹೆಚ್ಚಿದಷ್ಟೂ ಕಲ್ಲು ಹೆಚ್ಚು ಬೆಳೆಯುತ್ತದೆ ಎಂದುಕೊಂಡರೆ ತಪ್ಪಾದೀತು. ಆಷಾಢದ ಜಡಿಮಳೆಯಲ್ಲಿ ಮಣ್ಣು ಮೈತುಂಬ ಉಸಿರಾಡುತ್ತಿರುತ್ತದೆ. ಆ ಅನಿಲ ಗವಿಯೊಳಕ್ಕೂ ಇಳಿದು ತುಂಬಿದರೆ ಹನಿ ತನ್ನ ಪಾಲನ್ನು ಬಿಟ್ಟುಕೊಡಲು ಹಿಂಜರಿಯುತ್ತದೆ. ಚಳಿಗಾಲದ ಒಣಗಾಳಿ ಗವಿಯೊಳಗೆ ಸುಳಿದಾಡತೊಡಗಿದ ಮೇಲೆ ಸುಣ್ಣ ಬೇಗ ಬೇರ್ಪಡುತ್ತದೆ. ಅನೇಕ ಗವಿಗಳಲ್ಲಿ ಹೀಗೆ ಮಳೆಗಾಲ ಬಿತ್ತನೆಯ ಕಾಲ, ಚಳಿಗಾಲ ಸುಗ್ಗಿಯ ಕಾಲ. ತಣ್ಣೀರು ಬಿಸಿನೀರಿಗಿಂತ ಹೆಚ್ಚು ಅನಿಲವನ್ನು ಹಿಡಿಯಬಲ್ಲುದಾದರೂ, ಹಿಮ ಮುಸುಕಿದ ಬೋಳು ಶಿಖರಗಳ ಕೆಳಗಿನ ಗವಿಗಳಲ್ಲಿ ಇಂಥ ಅಲಂಕಾರ ವಿರಳ. ಏಕೆಂದರೆ ಅಲ್ಲಿ ಮಣ್ಣಿಗೆ ಉಸಿರೇ ಇಲ್ಲ. ಮರುಭೂಮಿಯಲ್ಲಿ ಉಸಿರೂ ಇಲ್ಲ, ಹನಿಯೂ ಇಲ್ಲ. ಆದರೂ ಇಂದು ಮರಳುಗಾಡಾಗಿರುವ ಒಮಾನಿನ ಹೋಟಿ ಎಂಬ ಗವಿಯಲ್ಲಿ ಮೂಡುಗಲ್ಲುಗಳಿವೆ. ಅವು ಸುಮಾರು ಹತ್ತು ಸಾವಿರ ವರುಷಗಳ ಹಿಂದಿನಿಂದ ಆರು ಸಾವಿರ ವರುಷಗಳ ಹಿಂದಿನವರೆಗೆ ಚೆನ್ನಾಗಿ ಬೆಳೆದು, ಅನಂತರ ನಿಂತುಹೋದವು. ಅಂದು ಅಲ್ಲಿಯವರೆಗೂ ಮುಂಗಾರು ತಲುಪುತ್ತಿತ್ತು. ಮಸ್ಕತ್ತಿನಲ್ಲಿ ದುಡಿಯುವ ಕನ್ನಡಿಗರು ಮಳೆಗಾಗಿ ಹಂಬಲಿಸುವ ಆ ನಾಡಿನ ಮೇಲೆ ಒಂದು ಕಾಲಕ್ಕೆ ಅವರ ಊರಿನ ಮುಂಗಾರೇ ಸುರಿದಿತ್ತು.

ಹೀಗೆ ಮಣ್ಣು, ಮರ, ಹವೆ ಮೂರೂ ತಮ್ಮ ಗುರುತನ್ನು ಕಲ್ಲಿನಲ್ಲಿ ಬಿಟ್ಟುಹೋಗುವುದರಿಂದ ಗವಿಯ ಕಲ್ಲು ಒಂದು ದಫ್ತರವಾಗುತ್ತದೆ. ಹಳೆಯ ಕಾಲದ ಕುಲಕರ್ಣಿಯ ಮನೆಯಲ್ಲಿ ಯಾವ ವರುಷ ಎಷ್ಟು ಬೆಳೆ, ಎಷ್ಟು ಬರ ಎಂದು ಬರೆದಿಟ್ಟ ಕಾಗದಗಳನ್ನು ಗೆದ್ದಲು ತಿಂದಿರಬಹುದು. ಗವಿಯ ದಫ್ತರಕ್ಕೆ ಗೆದ್ದಲಿನ ಭಯವಿಲ್ಲ. ಉತ್ತರ ಕನ್ನಡದ ಆಕಳ ಗವಿಯ ಮೂಡುಗಲ್ಲೊಂದನ್ನು ಅಹಮದಾಬಾದಿನ ಭೌತ ಸಂಶೋಧನಾಲಯದ ವಿಜ್ಞಾನಿಗಳು ಪರೀಕ್ಷಿಸಿ, 2004ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಮರದ ಕಾಂಡದಲ್ಲಿ ವರುಷಕ್ಕೊಂದು ಉಂಗುರವಿರುವಂತೆ ಆ ಕಲ್ಲಿನಲ್ಲಿ ವರುಷಕ್ಕೊಂದು ಪದರವಿತ್ತು. ಅದರ ವಯಸ್ಸು 331 ವರುಷ. ಪದರಗಳಲ್ಲಿರುವ ಆಮ್ಲಜನಕದ ಭಾರವಾದ ಕಣಗಳೆಷ್ಟು, ಹಗುರವಾದವೆಷ್ಟು ಎಂದು ಅಳೆದರೆ ಆಯಾ ಕಾಲದ ಮಳೆಯ ಏರಿಳಿತ ಗೊತ್ತಾಗುತ್ತದೆ. ಹೆಚ್ಚು ಮಳೆಯಾದ ವರುಷಗಳ ನೀರಿನಲ್ಲಿ ಭಾರವಾದ ಕಣಗಳ ಪಾಲು ಕಡಿಮೆಯಿರುತ್ತದೆ. ಮಳೆಮಾಪಕವಿಲ್ಲದ ಕಾಲದ ಮಳೆಯನ್ನು ಅಳೆಯಲು ಭಕ್ತರ ಒಂದು ಗವಿ ನೆರವಾಯಿತು.

ಮೇಘಾಲಯದ ಮಾವ್ಮ್ಲೂ ಗವಿಯ ಮೂಡುಗಲ್ಲಿಗಂತೂ ಇನ್ನೂ ದೊಡ್ಡ ಗೌರವ ಸಂದಿದೆ. ಸುಮಾರು 4,200 ವರುಷಗಳ ಹಿಂದೆ ಮುಂಗಾರು ಕುಗ್ಗಿ ಹೋದುದರ ಗುರುತು ಅದರಲ್ಲಿ ಸಿಕ್ಕಿತು. ಅದನ್ನೇ ಸಾಕ್ಷಿಯಾಗಿರಿಸಿಕೊಂಡು, ಅಂದಿನಿಂದ ಇಂದಿನವರೆಗಿನ ಭೂಯುಗಕ್ಕೆ 'ಮೇಘಾಲಯನ್' ಎಂಬ ಹೆಸರನ್ನು ಲೋಕದ ಭೂವಿಜ್ಞಾನಿಗಳ ಒಕ್ಕೂಟವು 2018ರಲ್ಲಿ ಸ್ಥಿರಪಡಿಸಿತು.

ಕಲ್ಲಿನ ದಫ್ತರದಲ್ಲಿ ಮಳೆಯ ಲೆಕ್ಕದ ಜೊತೆಗೆ ಹಸುರಿನ ಲೆಕ್ಕವೂ ಇರುತ್ತದೆ. ಮರಗಳೆಲ್ಲ ಗಾಳಿಯಿಂದ ಇಂಗಾಲವನ್ನು ಹೀರುವ ರೀತಿ ಒಂದು; ಜೋಳ, ಕಬ್ಬು, ಗೋವಿನಜೋಳ ಮತ್ತು ಬಿಸಿಲುನಾಡಿನ ಅನೇಕ ಹುಲ್ಲುಗಳ ರೀತಿ ಮತ್ತೊಂದು. ಮರಗಳು ಇಂಗಾಲದ ಹಗುರ ಕಣಗಳನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಜೋಳದ ಜಾತಿಗೆ ಅಷ್ಟೊಂದು ಆಯ್ಕೆಯಿಲ್ಲ. ಬೇರಿನ ಉಸಿರಿನ ಮೂಲಕ ಈ ವ್ಯತ್ಯಾಸ ಮಣ್ಣಿಗೆ, ಮಣ್ಣಿನಿಂದ ಹನಿಗೆ, ಹನಿಯಿಂದ ಕಲ್ಲಿಗೆ ಇಳಿದುಬರುತ್ತದೆ. ಆದುದರಿಂದ ಗವಿಯ ಮೇಲೆ ಒಂದು ಕಾಲದಲ್ಲಿ ತೇಗವಿತ್ತೋ ಜೋಳದ ಹೊಲವಿತ್ತೋ ಎಂಬುದನ್ನು ಅನೇಕ ವೇಳೆ ಕೆಳಗಿನ ಕಲ್ಲು ಸೂಚಿಸಬಲ್ಲುದು. ಮೇಲಿನ ಕಾಡನ್ನು ಕಡಿದವರು ತಾವು ಕಡಿದುದು ಯಾರಿಗೂ ತಿಳಿಯದೆಂದು ಭಾವಿಸಿರಬಹುದು. ಕತ್ತಲೆಯ ಒಳಗೆ, ಮಾತಾಡದ ಒಬ್ಬ ಲೆಕ್ಕಿಗನು ಎಲ್ಲವನ್ನೂ ಬರೆದುಕೊಳ್ಳುತ್ತಲೇ ಇದ್ದಾನೆ.

ಇಷ್ಟನ್ನು ತಿಳಿದ ಮೇಲೆ ಗವಿಯನ್ನು ಕಾಪಾಡುವುದೆಂದರೆ ಅದರ ಬಾಯಿಗೆ ಕಬ್ಬಿಣದ ಬಾಗಿಲನ್ನು ಹಾಕುವುದಲ್ಲವೆಂಬುದು ಸ್ಪಷ್ಟವಾಗುತ್ತದೆ. ಬಾಗಿಲನ್ನು ಭದ್ರಪಡಿಸಿ ಮೇಲಿನ ಗುಡ್ಡವನ್ನು ಬೋಳಿಸಿದರೆ, ಉಪವಾಸ ಬಿದ್ದವನ ಮನೆಗೆ ಕಾವಲಿಟ್ಟಂತೆಯೇ. ಮರ ಹೋದರೆ ಮಣ್ಣು ಹೋಗುತ್ತದೆ. ಮಣ್ಣು ಹೋದರೆ ಉಸಿರು ಹೋಗುತ್ತದೆ. ಉಸಿರಿಲ್ಲದ ನೀರು ಬಂಡೆಯನ್ನು ಹೆಚ್ಚಾಗಿ ಕರಗಿಸಲಾರದು; ಸುಣ್ಣವಿಲ್ಲದ ಹನಿ ಏನನ್ನೂ ಕಟ್ಟಲಾರದು. ಅಂಥ ಬರಿಗೈಯ ಹನಿ ಕೆಲವೊಮ್ಮೆ ಹಿಂದಿನವು ಕಟ್ಟಿದುದನ್ನೇ ಸವೆಸತೊಡಗುವುದೂ ಉಂಟು. ತಾತ ಕೂಡಿಟ್ಟುದನ್ನು ಮೊಮ್ಮಗ ಕರಗಿಸುವ ಕಥೆ ಸಂಸಾರಗಳಲ್ಲಿ ಮಾತ್ರವಲ್ಲ, ಗವಿಗಳಲ್ಲಿಯೂ ನಡೆಯುತ್ತದೆ.

ಒಳಗಿನ ಅಪಾಯವೂ ಇಲ್ಲದಿಲ್ಲ. ಫ್ರಾನ್ಸಿನ ಲಾಸ್ಕೋ ಗವಿಯಲ್ಲಿ ಹದಿನೇಳು ಸಾವಿರ ವರುಷಗಳಷ್ಟು ಹಳೆಯವೆನ್ನಲಾದ ಚಿತ್ರಗಳು 1940ರಲ್ಲಿ ಬೆಳಕಿಗೆ ಬಂದವು. 1948ರಲ್ಲಿ ಗವಿಯನ್ನು ಜನರಿಗೆ ತೆರೆದರು. ನೋಡಬಂದವರು ಯಾರೂ ಚಿತ್ರವನ್ನು ಕೆಡಿಸಬೇಕೆಂದು ಬಂದವರಲ್ಲ. ಆದರೆ ಅವರೆಲ್ಲರ ಉಸಿರು, ಮೈಯ ಬಿಸಿ, ತೇವ, ದೀಪದ ಬೆಳಕು ಕೂಡಿ ಗೋಡೆಯ ಮೇಲೆ ಹಸುರು ಪಾಚಿಯನ್ನೂ ಬಿಳಿಯ ಸುಣ್ಣದ ಪೊರೆಯನ್ನೂ ಎಬ್ಬಿಸಿದವು. 1963ರಲ್ಲಿ ಗವಿಯನ್ನು ಮುಚ್ಚಬೇಕಾಯಿತು. ಮಣ್ಣಿನ ಉಸಿರು ಕಲ್ಲನ್ನು ಬೆಳೆಸಿದರೆ ಮನುಷ್ಯನ ಉಸಿರು ಅದನ್ನು ನೋಯಿಸಬಲ್ಲುದು. ಕರ್ಪೂರದ ಹೊಗೆ, ಎಣ್ಣೆಯ ಕೈ, ಭಕ್ತಿಯಿಂದಲೇ ಆದರೂ ಸಾವಿರ ಸಲ ಸವರುವ ಬೆರಳು, ಇವೆಲ್ಲ ಕಲ್ಲಿನ ಮೇಲೆ ಜಿಡ್ಡಿನ ಪರದೆಯನ್ನು ಎಳೆಯುತ್ತವೆ. ಜಿಡ್ಡಿನ ಮೇಲೆ ಹೊಸ ಸುಣ್ಣ ಸರಿಯಾಗಿ ಹಿಡಿಯದು. ದೂರದಿಂದ ಕೈಮುಗಿಯುವುದು ಭಕ್ತಿಗೆ ಕುಂದಲ್ಲ. ಬೆಳೆಯುತ್ತಿರುವ ಶಿಶುವನ್ನು ತೊಟ್ಟಿಲಿನಿಂದ ಎತ್ತದೆ ನೋಡಿ ಹರಸುವ ಹಿರಿಯರ ರೀತಿಯದು.

ದಾಂಡೇಲಿ ಮತ್ತು ಅಣಶಿಯ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಹುಲಿಗಾಗಿ ಉಳಿಸಿದ ಕಾಡು ಹುಲಿಯ ಜೊತೆಗೆ ಕಾಳಿ ನದಿಗೆ ನೀರನ್ನು ಉಳಿಸುತ್ತದೆ, ಗವಿಗೆ ಹನಿಯನ್ನು ಉಳಿಸುತ್ತದೆ. ಆದರೆ ಸಂರಕ್ಷಣೆಯ ಗಡಿಯನ್ನು ನಕಾಶೆಯಲ್ಲಿ ಎಳೆಯುವುದು ಸುಲಭ. ನೀರಿಗೆ ಆ ಗಡಿಯ ಅರಿವಿಲ್ಲ. ಗವಿಯ ಬಾಯಿಂದ ಎಷ್ಟೋ ದೂರದ ಇಳಿಜಾರಿನಲ್ಲಿ ಬಿದ್ದ ಮಳೆ ಬಿರುಕುಗಳ ಗುಪ್ತಮಾರ್ಗದಲ್ಲಿ ಹರಿದು ಒಳಗಿನ ಒಂದು ಕಲ್ಲನ್ನು ಪೋಷಿಸುತ್ತಿರಬಹುದು. ಎಲ್ಲಿಯೋ ಒಂದು ಕಲ್ಲುಗಣಿ, ಎಲ್ಲಿಯೋ ಒಂದು ಅಗಲದ ರಸ್ತೆ, ಎಲ್ಲಿಯೋ ಬೇಸಗೆಯಲ್ಲಿ ಹಬ್ಬಿದ ಕಾಳ್ಗಿಚ್ಚು. ಅದರ ಫಲ ಮತ್ತೆಲ್ಲಿಯೋ ಕತ್ತಲೆಯಲ್ಲಿ ನಿಂತ ಒಂದು ಹನಿ. ಹನಿ ನಿಂತುದರ ಸುದ್ದಿ ಯಾವ ಪತ್ರಿಕೆಗೂ ಬರುವುದಿಲ್ಲ.

ಇದು ಕಾಡಿನವರ ಮಾತಾಯಿತು, ಊರಿನವರಿಗೇನು ಎಂದು ಕೇಳುವವರಿಗೂ ಉತ್ತರವುಂಟು. ಕಲ್ಲನ್ನು ಬೆಳೆಸುವ ಮಣ್ಣಿನ ಉಸಿರೇ ಹೊಲದಲ್ಲಿ ಪೈರನ್ನು ಬೆಳೆಸುವ ಉಸಿರು. ಬದುವಿನ ಬೇವನ್ನೂ ಜಾಲಿಯನ್ನೂ ಕಡಿದು, ಕಸಕಡ್ಡಿಯನ್ನೆಲ್ಲ ಸುಟ್ಟು, ಮಣ್ಣಿಗೆ ಸೊಪ್ಪುಸದೆಗಳನ್ನು ಕೊಡದೆ ನಡೆಸಿದ ಹೊಲದ ಮಣ್ಣು ಮೆಲ್ಲಮೆಲ್ಲನೆ ಉಸಿರು ಕಳೆದುಕೊಳ್ಳುತ್ತದೆ. ಅಲ್ಲಿ ಮಳೆ ಇಂಗುವುದಿಲ್ಲ, ಹರಿದು ಹೋಗುತ್ತದೆ. ಗವಿಯಲ್ಲಿ ಹನಿ ನಿಲ್ಲುವುದೂ ಊರಿನ ಬಾವಿಯಲ್ಲಿ ನೀರು ಇಳಿಯುವುದೂ ಬೇರೆ ಬೇರೆ ರೋಗಗಳಲ್ಲ. ಪಟ್ಟಣದ ಮನೆಯ ಹಿತ್ತಲಿನಲ್ಲಿ ಒಂದು ಮರದ ಬುಡವನ್ನು ಸಿಮೆಂಟಿನಿಂದ ಮುಚ್ಚದೆ ಬಿಟ್ಟರೂ ಅಷ್ಟು ನೆಲ ಉಸಿರಾಡಿತು.

ಮನುಷ್ಯನು ಮಾಡುವ ಒಳ್ಳೆಯ ಕೆಲಸಗಳಲ್ಲಿ ಹೆಚ್ಚಿನವು ಆತನ ಕಾಲದಲ್ಲಿಯೇ ಫಲ ಕೊಡಬೇಕೆಂದು ಆತ ಬಯಸುತ್ತಾನೆ. ಮಾವಿನ ಸಸಿಯನ್ನು ನೆಟ್ಟ ಮುದುಕನು ಮೊಮ್ಮಗನ ಬಾಯಿಯ ರುಚಿಯನ್ನು ನೆನೆದು ತೃಪ್ತಿಪಡುತ್ತಾನೆ. ಗವಿಯ ಮೇಲಿನ ಒಂದು ಮರವನ್ನು ಉಳಿಸಿದವನಿಗೆ ಆ ತೃಪ್ತಿಯೂ ಇಲ್ಲ. ಆತ ಬದುಕಿದ್ದಾಗ ಕಲ್ಲು ಬೆಳೆಯುವುದು ಹೆಚ್ಚೆಂದರೆ ಒಂದು ಕಡಲೆಕಾಳಿನಷ್ಟು. ಅಷ್ಟಕ್ಕಾಗಿ ಒಂದು ಕಾಡನ್ನು ಕಾಯಬೇಕೆ ಎಂದರೆ, ಕಾಯಬೇಕು. ಹನ್ನೆರಡನೆಯ ಶತಮಾನದಲ್ಲಿ ಶರಣರು ಆ ಕಾಡಿಗೆ ಬಂದಾಗಲೂ ಆ ನಾಡಿನ ಗವಿಗಳಲ್ಲಿ ಹನಿ ಬೀಳುತ್ತಿದ್ದಿರಬೇಕು. ಅಂದು ಬಿದ್ದ ಹನಿಗಳ ಸುಣ್ಣ ಇಂದಿನ ಕಲ್ಲಿನ ಮೇಲ್ಮೈಯಿಂದ ಮೂರು ನಾಲ್ಕು ಇಂಚು ಒಳಗೆ, ಯಾರ ಕಣ್ಣಿಗೂ ಬೀಳದೆ, ಮೇಲಿನ ಪದರಗಳನ್ನೆಲ್ಲ ಹೊತ್ತು ನಿಂತಿರುತ್ತದೆ. ಅದರ ಮೇಲೆ ಇಂದಿನವರ ಪದರವೊಂದು ಬೀಳಬೇಕು. ಅದು ಬೀಳುವಂತೆ ಮಾಡುವುದು ಮಾತ್ರ ಇಂದಿನವರ ಕೈಯಲ್ಲಿದೆ.